ಸತ್ತ ಕಾಲದಲ್ಲಿ ಬೆನಿತಾ

ಪಕ್ಕದ ಮನೆಯಲ್ಲಿ ಏಟು ಬಿದ್ದರೆ ಅದು ಯಾವುದರ ಏಟು ಎಂದು ನಾನು ಗೋಡೆಯ ಈಚೆಯಿಂದಲೇ ಹೇಳಬಲ್ಲೆ. ಅಂಗೈ ಏಟಾದರೆ ಸದ್ದು ಚಿಕ್ಕದು, ಹಿಂದೆ ಬರುವ ಬೈಗುಳ ದೊಡ್ಡದು. ಬೆಲ್ಟಾದರೆ ಮೊದಲು ಗಾಳಿ ಸೀಳಿದ ಸದ್ದು ಬರುತ್ತದೆ. ಕಬ್ಬು ಕಡಿಯುವ ಮಚ್ಚಿನ ಚಪ್ಪಟೆ ಬದಿಯಿಂದ ಹೊಡೆದರೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿದ ಹಾಗಿರುತ್ತದೆ. ಆಮೇಲೆ ಯಾರೂ ಬೈಯುವುದಿಲ್ಲ, ಯಾರೂ ಅಳುವುದಿಲ್ಲ. ಮಕ್ಕಳು ಕೂಡ ಸುಮ್ಮನಾಗುತ್ತವೆ.

ನೆಗ್ರೋಸ್ ದ್ವೀಪದ ನಮ್ಮ ಸಾಂತಾ ಬೆರ್ತಾ ಎಸ್ಟೇಟಿನ ಕೂಲಿಸಾಲಿನಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಹೆಣೆದ ಬಿದಿರಿನ ತಟ್ಟಿ. ನನ್ನ ತಟ್ಟಿಯ ಆಚೆ ಬೆನಿತಾ ಸಂಸಾರ ಮಾಡಿದಳು. ಅವಳ ಬದುಕನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಅವಳು ಹುಟ್ಟಿದ್ದೂ ಇದೇ ಸಾಲಿನಲ್ಲಿ. ಅಪ್ಪ ಲಾರಿಗೆ ಕಬ್ಬು ಹೇರುವಾಗ ಹೊರೆ ಸಮೇತ ಬಿದ್ದು ಸೊಂಟ ಮುರಿದುಕೊಂಡ. ಅವನು ಹಾಸಿಗೆ ಹಿಡಿದ ಮೇಲೆ ಹುಡುಗಿ ಶಾಲೆ ಬಿಟ್ಟು ಕಳೆ ಕೀಳಲು ಬಂದಳು. ಕಬ್ಬಿನ ಗರಿಯಿಂದ ಮುಂಗೈ ತುಂಬ ಗೀರು. ಗಂಟಲು ಮಾತ್ರ ಅವಳದರಂಥದ್ದು ಯಾರಿಗೂ ಇರಲಿಲ್ಲ. ಗದ್ದೆಯ ಆ ತುದಿಯಿಂದ ಕೂಗಿದರೆ ಈ ತುದಿಯಲ್ಲಿ ಎಮ್ಮೆ ತಲೆ ಎತ್ತುತ್ತಿತ್ತು.

ನಮ್ಮಲ್ಲಿ ಹುಡುಗಿ ಬೇಕೆಂದು ಬಂದವನು ಸುಮ್ಮನೆ ಕೇಳುವಂತಿಲ್ಲ. ಅವಳ ಮನೆಗೆ ನೀರು ಹೊರಬೇಕು, ಸೌದೆ ಸೀಳಬೇಕು. ರುಫೀನೊ ಬಂದ. ಅವನು ಸೌದೆ ಸೀಳುವುದನ್ನು ನೋಡಲು ಸಾಲಿನ ಹೆಂಗಸರೆಲ್ಲ ಏನಾದರೂ ನೆಪ ಮಾಡಿಕೊಂಡು ಹೋಗುತ್ತಿದ್ದೆವು. ಎಂಥ ಗಂಟಿನ ಕೊರಡಾದರೂ ಒಂದೇ ಏಟು, ಎರಡನೆಯದಿಲ್ಲ.

"ಎಷ್ಟು ತಣ್ಣಗಿನ ಹುಡುಗ ನೋಡು ನಾಂಗ್, ಸಿಟ್ಟೇ ಬರಲ್ಲ ಅವನಿಗೆ," ಎಂದಳು ಬೆನಿತಾಳ ಅವ್ವ. ಅಕ್ಕನ ಸ್ಥಾನದವರನ್ನು ನಾವು ನಾಂಗ್ ಎನ್ನುತ್ತೇವೆ. ನಾನು ಸಾಲಿನ ಅರ್ಧ ಜನಕ್ಕೆ ನಾಂಗ್ ಎಪಾಂಗ್, ಉಳಿದರ್ಧಕ್ಕೆ ಲೋಲಾ, ಅಂದರೆ ಅಜ್ಜಿ.

"ಬರೋ ಸಿಟ್ಟೆಲ್ಲ ಸೌದೆ ಮೇಲೇ ತೀರಿಸ್ಕೋತಿದಾನೆ ಬಿಡೇ," ಎಂದು ನಾನು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಬೆನಿತಾಳೂ ನಕ್ಕಳು.

ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡುತ್ತಿರುವಷ್ಟು ದಿನ ನಮಗೆ ಕೂಲಿ ಉಂಟು. ಹೊಗೆ ನಿಂತಿತೆಂದರೆ ಹೊಸ ಕಬ್ಬು ಬೆಳೆದು ನಿಲ್ಲುವವರೆಗೆ ಮಳೆಗಾಲವಿಡೀ ಕೆಲಸವಿಲ್ಲ. ಅದನ್ನು ನಾವು ಸತ್ತ ಕಾಲ ಎನ್ನುತ್ತೇವೆ. ಬೆನಿತಾಗೆ ಮೊದಲ ಏಟು ಬಿದ್ದದ್ದು ಮದುವೆಯಾದ ವರ್ಷದ ಸತ್ತ ಕಾಲದಲ್ಲಿ. ಗಂಜಿ ತಳ ಹಿಡಿದಿತ್ತು. ಅವನು ಪಾತ್ರೆಯಿಂದಲೇ ಅವಳ ಬಾಯಿಗೆ ಬೀಸಿದ. ಎರಡು ಹಲ್ಲು ಹೋದವು. ಅವಳು ಹೋಗಲಿ ಎಂದು ಬಿಡುವವಳಲ್ಲ. ಉಳಿದ ಹಲ್ಲಿನಿಂದ ಅವನ ಕಿವಿ ಹಿಡಿದಳು, ಕೆಳಗಿನ ತುಂಡು ಬಾಯಲ್ಲೇ ಬಂತು. ಇಬ್ಬರೂ ರಕ್ತ ಸುರಿಸಿಕೊಂಡು ನಮ್ಮ ಹಳ್ಳಿಯ ಮುಖ್ಯಸ್ಥ ಕ್ಯಾಪ್ಟನ್ ಓಸ್ಮುಂಡೊನ ಜಗಲಿಗೆ ಹೋದರು.

ಕ್ಯಾಪ್ಟನ್ ರಾಜಿ ಮಾಡಿಸಿದ. ನಮ್ಮ ಕಡೆಯ ರಾಜಿಗೆ ಒಂದು ಕ್ರಮವಿದೆ. ಗಂಡನಾದವನು ಒಂದು ಸೀಸೆ ರಮ್ ಮತ್ತು ಒಂದು ಕೋಳಿ ತರಬೇಕು. ಒಂದೇ ಲೋಟದಲ್ಲಿ ಕ್ಯಾಪ್ಟನ್, ಗಂಡ, ಹೆಂಡತಿ ಮೂವರೂ ಗುಟುಕರಿಸಬೇಕು. ಅಲ್ಲಿಗೆ ಮುಗಿಯಿತು, ಮತ್ತೆ ಆ ಮಾತು ಎತ್ತಿದವರೇ ಕೆಟ್ಟವರು. ಕೋಳಿ ಕ್ಯಾಪ್ಟನ್ನನ ಮನೆಗೆ.

"ಈ ಸಂಸಾರದಿಂದ ಯಾರಿಗೆ ಲಾಭ ಆಯ್ತೋ ಬಿಡ್ತೋ, ಕ್ಯಾಪ್ಟನ್ನನ ಹೆಂಡತಿ ಮಾತ್ರ ಸಾರಿಗೆ ಮಸಾಲೆ ಅರೆದಿಟ್ಕೊಂಡೇ ಕಾಯ್ತಾಳೆ," ಎಂದು ಆಚೆ ಮನೆಯ ಲುಮೆನ್ ಹೇಳುತ್ತಿದ್ದಳು. ಅವಳ ಗಂಡನೂ ಕೋಳಿ ಕೊಟ್ಟವನೇ.

ಬೆನಿತಾ ಒಂದು ಬಸಿರು ಒದೆತದಲ್ಲಿ ಕಳೆದುಕೊಂಡಳು. ಉಳಿದವಳು ದಿವಿನಾ ಒಬ್ಬಳೇ. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಸರಕಾರದ ಕಲ್ಯಾಣ ಕಚೇರಿ ಬಡವರ ಮನೆಗೆ ಸಹಾಯಧನ ಕೊಡಲು ಶುರುಮಾಡಿತು. ಮಕ್ಕಳನ್ನು ಶಾಲೆಗೆ ಕಳಿಸಬೇಕು, ತೂಕ ಹಾಕಿಸಬೇಕು, ತಿಂಗಳಿಗೊಮ್ಮೆ ತಾಯಂದಿರು ಕೂಡಬೇಕು. ದುಡ್ಡು ಬರುವುದು ತಾಯಿಯ ಹೆಸರಿಗೆ. ಗಂಟಲು ದೊಡ್ಡದೆಂದು ಬೆನಿತಾಳನ್ನೇ ತಾಯಂದಿರ ಮುಖಂಡಳನ್ನಾಗಿ ಆರಿಸಿದರು.

"ಸರಕಾರದ ಮಹಾರಾಣಿ ಬಂದ್ಳು, ದಾರಿ ಬಿಡ್ರೋ," ಎನ್ನುತ್ತಿದ್ದ ರುಫೀನೊ, ಸಭೆ ಮುಗಿಸಿ ಅವಳು ಒಳಗೆ ಕಾಲಿಟ್ಟ ಕೂಡಲೇ. ಆಮೇಲೆ ತಟ್ಟಿ ಅಲುಗುತ್ತಿತ್ತು.

ಒಂದು ಕಟಾವಿನ ಕಾಲ. ಸುಟ್ಟ ಗದ್ದೆಯ ಬೂದಿ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತಿತ್ತು. ಪಟ್ಟಣದ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಮನೆಮನೆಗೆ ಬಂದು ಪ್ರಶ್ನೆ ಕೇಳುತ್ತಾಳೆ, ಗಂಡಂದಿರು ಹೊಡೆಯುತ್ತಾರಾ ಎಂದೂ ಕೇಳುತ್ತಾಳೆ ಎಂಬ ಸುದ್ದಿ ಬಂತು. ಯಾಕೆ ಕೇಳುತ್ತಾಳೆಂದು ಯಾರಿಗೂ ಗೊತ್ತಿಲ್ಲ. ಹಿಂದೊಮ್ಮೆ ಹೀಗೇ ಪ್ರಶ್ನೆ ಕೇಳಿ ಹೋದ ಮೇಲೆ ಕೊನೆಮನೆಯವಳ ಸಹಾಯಧನ ನಿಂತುಹೋಗಿತ್ತು, ಅಂಗಳದಲ್ಲಿ ನಿಂತಿದ್ದ ನೆಂಟನ ಮೋಟಾರ್ ಸೈಕಲ್ಲು ನೋಡಿ ಇವರು ಬಡವರಲ್ಲ ಎಂದು ಬರೆದುಕೊಂಡಿದ್ದರಂತೆ. ಅಲ್ಲದೆ ತಾಯಂದಿರ ಸಭೆಯಲ್ಲಿ ನಗುವ ಅಪ್ಪ ಅಮ್ಮ ಮಕ್ಕಳ ದೊಡ್ಡ ಚಿತ್ರ ತೂಗುಹಾಕಿದ್ದರು. ಹಾಗೆ ನಗದ ಮನೆಗೆ ದುಡ್ಡು ಯಾಕೆ ಕೊಡುತ್ತಾರೆ ಎಂಬುದು ಹೆಂಗಸರ ಲೆಕ್ಕ.

ಬೆನಿತಾ ಎಲ್ಲರನ್ನೂ ನೀರಿನ ಪಂಪಿನ ಹತ್ತಿರ ಕೂಡಿಸಿ ತಾಲೀಮು ಮಾಡಿಸಿದಳು.

"ಮೇಡಂ ಕೇಳ್ತಾಳೆ, ನಿನ್ನ ಗಂಡ ಕೈ ಮಾಡ್ತಾನಾ? ಲುಮೆನ್, ಏನಂತೀಯ?"

"ಕಾಲೂ ಮಾಡ್ತಾನೆ ಅಂತೀನಿ."

ಪಂಪಿನ ಸುತ್ತ ನಗುವೋ ನಗು.

"ಬಾಯ್ಮುಚ್ಚೇ! ನಮ್ಮನೇಲಿ ಶಾಂತಿ ಇದೆ, ಪ್ರೀತಿ ಇದೆ ಮೇಡಂ, ಅನ್ನು."

"ನೀನು ಹೇಳಿದ್ರೆ ನಂಬ್ತಾಳಾ? ಎಡಗಣ್ಣು ಬದನೇಕಾಯಿ ಆಗಿದೆ."

"ಪಾಚಿ ಮೇಲೆ ಜಾರಿ ಬಿದ್ದೆ ಅಂತೀನಿ."

"ಸಾಲಿನೋರೆಲ್ಲ ಅದೇ ಪಾಚಿ ಮೇಲೆ ಬಿದ್ವಾ? ಅಷ್ಟು ಪಾಚಿ ಎಲ್ಲಿದೆ ತೋರ್ಸಿ ಅಂದ್ರೆ?"

"ನಗಬೇಡ್ರೇ," ಎಂದಳು ಬೆನಿತಾ. "ಒಬ್ಳು ಬಾಯಿ ಬಿಟ್ರೆ ಎಲ್ಲರ ಮಕ್ಕಳ ಅನ್ನ ಹೋಗುತ್ತೆ. ನನ್ನ ದಿವಿನಾ ಹೈಸ್ಕೂಲಿಗೆ ಹೋಗ್ಬೇಕು. ಹೇಳಿ, ಶಾಂತಿ ಇದೆ, ಪ್ರೀತಿ ಇದೆ."

ಎಲ್ಲರೂ ಒಟ್ಟಿಗೆ ಹೇಳಿದರು.

ಬಂದವಳ ಹೆಸರು ಮಾರಿಸ್ತೆಲಾ. ಸಣ್ಣ ಹುಡುಗಿ, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಬೆನಿತಾಳ ಮನೆಯಲ್ಲಿ ರುಫೀನೊ ತಾನೇ ಕುರ್ಚಿ ಒರೆಸಿ ಹಾಕಿದ, ತಾನೇ ಬೇಯಿಸಿದ ಗೆಣಸು ತಂದಿಟ್ಟ, ಅತಿಥಿಯನ್ನು ಬಿಟ್ಟು ಏಳುವುದು ಮರ್ಯಾದೆಯಲ್ಲವೆಂದು ಹೊಸ್ತಿಲ ಮೇಲೇ ಕುಳಿತ. ಕಳೆದ ಒಂದು ತಿಂಗಳಲ್ಲಿ ಗಂಡ ಹೊಡೆದದ್ದುಂಟೇ ಎಂದು ಮಾರಿಸ್ತೆಲಾ ಕೇಳಿದಳು. ಬೆನಿತಾಳ ದೊಡ್ಡ ಗಂಟಲು ಆ ದಿನ ನನಗೂ ಸರಿಯಾಗಿ ಕೇಳಿಸಲಿಲ್ಲ. ಶಾಂತಿ ಇದೆ, ಪ್ರೀತಿ ಇದೆ ಎಂದಳಂತೆ.

ಗಂಡನಿಲ್ಲದ ನನ್ನ ಮನೆ ಮಾರಿಸ್ತೆಲಾಳ ಲೆಕ್ಕದಲ್ಲಿರಲಿಲ್ಲ. ಬಾಯಾರಿ ಬಂದಳು, ಹುರಿದ ಮೆಕ್ಕೆಜೋಳದ ಕಾಫಿ ಕೊಟ್ಟೆ.

"ಲೋಲಾ, ಇಲ್ಲಿ ಎಲ್ರೂ ಒಂದೇ ಮಾತು ಹೇಳ್ತಾರೆ. ಚರ್ಚಲ್ಲಿ ಜಪ ಮಾಡಿದ ಹಾಗೆ."

"ಹಾಗಂತ ಬರ್ಕೊಂಡ್ಯಾ?"

"ಹೇಳಿದ್ದನ್ನ ಬರೀಬೇಕು. ನನ್ನ ಅನುಮಾನ ಬರಿಯೋಕೆ ಅಲ್ಲಿ ಜಾಗ ಇಲ್ಲ."

"ಯಾಕೆ ಕೇಳ್ತಿದೀಯ ಅಂತಾದ್ರೂ ಹೇಳ್ಬಾರ್ದಾ ಮಗಾ?"

"ಹೇಳಿದ್ರೆ ಉತ್ತರ ಅದಕ್ಕೆ ತಕ್ಕ ಹಾಗೆ ಬಾಗುತ್ತೆ ಅಂತ ನಮ್ಮ ಮೇಷ್ಟ್ರು ಹೇಳಿದಾರೆ."

ಯಾಕೆಂಬುದು ಆಮೇಲೆ ತಿಳಿಯಿತು. ಏಟು ತಿಂದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದು ಇರಬಹುದಾದ ಒಂದು ಆಸರೆ ಮನೆ ಕಟ್ಟುವುದಿತ್ತು. ಯಾವ ಊರಿಗೆ ಹೆಚ್ಚು ಬೇಕೋ ಅಲ್ಲಿಗೆ. ನಮ್ಮೂರಿನಲ್ಲಿ ಶಾಂತಿಯೂ ಪ್ರೀತಿಯೂ ತುಂಬಿ ತುಳುಕುತ್ತಿದ್ದುದರಿಂದ ಆ ಮನೆ ಬೆಟ್ಟದಾಚೆಯ ಊರಿಗೆ ಹೋಯಿತು.

ಚಿಮಣಿ ನಿಂತಿತು. ಶಾಲೆಗೂ ರಜೆ ಬಂತು. ರಜೆಯಲ್ಲಿ ಸಹಾಯಧನದ ಶಾಲೆಯ ಪಾಲು ಬರುವುದಿಲ್ಲ. ಕೂಲಿಯೂ ಇಲ್ಲ, ಆ ಪಾಲೂ ಇಲ್ಲ. ಗೆಣಸಿನ ಎಲೆ ಬೇಯಿಸಿ ಉಪ್ಪು ಹಾಕಿ ತಿನ್ನುವ ದಿನಗಳು. ಸಾಲಿನ ಉದ್ದಕ್ಕೂ ಗಂಡಸರು ಮಚ್ಚು ಮಸೆಯುತ್ತ ಕೂರುತ್ತಾರೆ, ಕಡಿಯಲು ಏನೂ ಇರುವುದಿಲ್ಲ.

ಅಂಥ ಒಂದು ಮಧ್ಯಾಹ್ನ ಮನೆಗೆಲಸಕ್ಕೆ ಹುಡುಗಿಯರನ್ನು ಮನಿಲಾಗೆ ಒಯ್ಯುವ ವ್ಯಾನು ಸಾಲಿನ ಮುಂದೆ ನಿಂತಿತು. ರುಫೀನೊ ದಿವಿನಾಳನ್ನು ಕಳಿಸುತ್ತೇನೆಂದು ಮಾತು ಕೊಟ್ಟು ಮುಂಗಡವನ್ನೂ ಕುಡಿದು ಮುಗಿಸಿದ್ದ.

"ನನ್ನ ಮಗಳು ಪಾತ್ರೆ ತೊಳೆಯೋಕೆ ಹೋಗಲ್ಲ. ಹೈಸ್ಕೂಲಿಗೆ ಹೋಗ್ತಾಳೆ," ಎಂದು ಬೆನಿತಾ ಬಾಗಿಲಿಗೆ ಅಡ್ಡ ನಿಂತಳು.

"ಓದಿ ಏನ್ ಕಡೀತಾಳೆ? ಕಬ್ಬೇ ಕಡೀಬೇಕು."

"ಕಡೀಲಿ. ನಿನ್ನ ಕುತ್ತಿಗೆ ಕಡೀಲಿ."

ಅವನು ದಿವಿನಾಳ ಕೂದಲಿಗೆ ಕೈ ಸುತ್ತಿಕೊಂಡು ಎಳೆದ. ಹುಡುಗಿ ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದಳು, ಮೂಗಿನಿಂದ ರಕ್ತ ಬುಗ್ಗೆಯಂತೆ ಬಂತು. ಬೆನಿತಾ ಒನಕೆ ಎತ್ತಿ ಅವನ ಹೆಗಲಿಗೆ ಹಾಕಿದಳು. ಅವನು ಮಗಳನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ. ಅವಳು ಬಿದ್ದ ಮೇಲೂ ಒದೆಯುತ್ತಿದ್ದ. ಹಸಿ ಬಿದಿರು ಮುರಿದಂಥ ಸದ್ದು ಬಂತು. ಅದು ಪಕ್ಕೆಲುಬು ಎಂದು ನನಗೆ ಗೊತ್ತಾಯಿತು. ನಾನು ಓಡಿಹೋಗಿ ಕೆಂಡದ ಒಲೆಯನ್ನೇ ಅವನ ಕಾಲಿಗೆ ಉರುಳಿಸಿದೆ. ಸಾಲಿನ ಜನ ಸೇರಿದರು. ವ್ಯಾನಿನಲ್ಲಿ ಬಂದಿದ್ದ ದಲ್ಲಾಳಿ ಹೆಂಗಸು ರಕ್ತ ನೋಡಿ ಹೆದರಿ ಬಾಗಿಲು ಹಾಕಿಕೊಂಡು ಹೊರಟೇಹೋದಳು.

ಮಾರನೆಯ ದಿನ ಮತ್ತೆ ಕ್ಯಾಪ್ಟನ್ನನ ಜಗಲಿ, ಮತ್ತೆ ರಮ್ಮು, ಕೋಳಿ.

"ಅವಳು ಒನಕೆ ಎತ್ತಿದ್ಳು, ಅವನು ಕಾಲು ಎತ್ತಿದ. ಲೆಕ್ಕ ಸಮ," ಎಂದ ಕ್ಯಾಪ್ಟನ್. "ಕುಡಿ ಬೆನಿತಾ, ಮುಗಿಸೋಣ."

ಬೆನಿತಾ ಗುಟುಕು ಬಾಯಿಗೆ ಹಾಕಿಕೊಂಡಳು, ನುಂಗಲಿಲ್ಲ. ಕ್ಯಾಪ್ಟನ್ನನ ಹೊಳೆಯುವ ನೆಲದ ಮೇಲೆ ಉಗಿದಳು. ರಮ್ಮಿನ ಜೊತೆ ರಕ್ತವೂ ಬಂತು.

ಮನೆಗೆ ಬಂದ ಮೇಲೆ ರುಫೀನೊ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದ, ತಟ್ಟಿಯ ಈಚೆ ನನಗೆ ಸ್ಪಷ್ಟವಾಗಿ ಕೇಳಿಸಿತು: "ಇಷ್ಟು ದಿನ ಮಚ್ಚಿನ ಚಪ್ಪಟೆ ಬದಿ ತೋರಿಸಿದೀನಿ. ಇನ್ನು ಇನ್ನೊಂದು ಬದಿ. ಮೊದ್ಲು ನೀನು, ಆಮೇಲೆ ಅವಳು."

ಅವನು ಹೇಳಿದ್ದನ್ನು ಮಾಡುವವನು. ಬೆನಿತಾಗೂ ಅದು ಗೊತ್ತಿತ್ತು. ಎದೆಗೆ ಬಟ್ಟೆ ಬಿಗಿದುಕೊಂಡು ಮಗಳನ್ನು ಕರೆದುಕೊಂಡು ಬೆಟ್ಟದಾಚೆಯ ಆಸರೆ ಮನೆಗೆ ಹೊರಟಳು. ಮರುದಿನ ಸಂಜೆ ಇಬ್ಬರೂ ವಾಪಸು ಬಂದರು.

"ಏನಾಯ್ತೇ?"

"ಒಳ್ಳೆಯೋರು ನಾಂಗ್. ಊಟ ಹಾಕಿದ್ರು. ಬಸ್ಸಿಗೂ ಕೊಟ್ರು." ಅವಳು ಗೋಡೆ ಹಿಡಿದು ಕುಳಿತಳು. "ಹಾಸಿಗೆ ಎಲ್ಲ ಆ ಊರಿನೋರಿಗೇ ಸಾಲ್ದು ಅಂದ್ರು. ನಿಮ್ಮೂರಲ್ಲಿ ಇಂಥದ್ದು ಇಲ್ಲ ಅಂತ ವರದಿ ಬಂದಿದೆಯಲ್ಲಮ್ಮ, ಒಬ್ರೂ ಹೇಳ್ಲಿಲ್ವಂತೆ, ಅದಕ್ಕೇ ಮನೆ ಇಲ್ಲಿಗೆ ಬಂತು, ಅಂದ್ರು."

ಎದೆಗೆ ಬಿಗಿದ ಬಟ್ಟೆಯನ್ನು ಸಡಿಲಿಸಿಕೊಂಡಳು.

"ನಾನೇ ಬಾಯಿಪಾಠ ಮಾಡಿಸ್ದೆ ನಾಂಗ್. ಒಬ್ಬೊಬ್ಬರನ್ನೇ ನಿಲ್ಲಿಸಿ ಮಾಡಿಸ್ದೆ."

ನಗಲು ಹೋದಳು. ಪಕ್ಕೆ ಹಿಡಿದುಕೊಂಡು ಬಾಗಿದಳು. ಬೇರೆ ದಾರಿ ಕಾಣದೆ ಮತ್ತೆ ಅದೇ ಮನೆಯೊಳಗೆ ಹೋದಳು. ದಿವಿನಾಳನ್ನು ಮಾತ್ರ ನನ್ನ ಹತ್ತಿರ ಮಲಗಿಸುತ್ತಿದ್ದಳು.

ಆ ಸತ್ತ ಕಾಲ ಮುಗಿಯುವ ಮೊದಲೇ ಮಾರಿಸ್ತೆಲಾ ಮತ್ತೆ ಬಂದಳು. ಯಾರೂ ಕಳಿಸಿದ್ದಲ್ಲ, ಮೇಷ್ಟ್ರ ಹತ್ತಿರ ಹಟ ಮಾಡಿ ಬಂದಿದ್ದಳು. ಮಗುವಿನ ತೂಕ ಹಾಕುವ ನೆಪದಲ್ಲಿ ತಾಯಂದಿರನ್ನು ಶಿಶುಮಂದಿರದ ಕೋಣೆಗೆ ಕರೆಸಿದಳು. ತೂಕದ ಕಡೆಗೆ ಗಂಡಸರು ಸುಳಿಯುವುದಿಲ್ಲ. ನಾನು ಲುಮೆನ್‌ಳ ಕೂಸನ್ನು ಎತ್ತಿಕೊಂಡು ಹೋಗಿದ್ದೆ.

"ಹೋದ ಸಲ ನೀವು ಹೇಳಿದ್ದನ್ನ ಬರೆದೆ," ಎಂದಳು ಮಾರಿಸ್ತೆಲಾ. "ಇಡೀ ದ್ವೀಪದಲ್ಲಿ ಇಷ್ಟು ಶಾಂತಿ ಇರೋ ಊರು ಇನ್ನೊಂದಿಲ್ಲ. ಅದನ್ನ ನೋಡಿ ನಂಗೆ ಭಯ ಆಯ್ತು."

ಕೋಣೆಗೆ ಅಡ್ಡ ಕಟ್ಟಿದ್ದ ಬೆಡ್‌ಶೀಟಿನ ಕಡೆ ಕೈ ತೋರಿಸಿದಳು.

"ಈ ಸಲ ಯಾರೂ ಬಾಯಿ ಬಿಡೋದು ಬೇಡ. ಈ ಬೆಡ್‌ಶೀಟಿನ ಹಿಂದೆ ಒಂದು ಮಡಕೆ ಇದೆ. ಮೆಕ್ಕೆಜೋಳ ಇದೆ, ಹೆಸರುಕಾಳು ಇದೆ. ಈ ಸತ್ತ ಕಾಲದಲ್ಲಿ ಏಟು ತಿಂದಿದ್ರೆ ಒಂದು ಜೋಳ ಹಾಕಿ. ಇಲ್ಲಾಂದ್ರೆ ಹೆಸರುಕಾಳು. ಯಾರದ್ದು ಯಾವ್ದು ಅಂತ ನಂಗೂ ಗೊತ್ತಾಗಲ್ಲ. ಯಾರ ಸಹಾಯಧನಾನೂ ಇದರಿಂದ ನಿಲ್ಲಲ್ಲ. ಯಾಕೆ ಕೇಳ್ತೀನಿ ಅಂತ ಈ ಸಲ ಹೇಳಿಬಿಡ್ತೀನಿ, ಮೇಷ್ಟ್ರು ಬೈದ್ರೆ ಬೈಲಿ." ಆಸರೆ ಮನೆಯ ಸಂಗತಿಯನ್ನು ಪೂರ್ತಿ ಹೇಳಿದಳು.

"ಜೋಳ ಒಂದೇ ಕಾಳಾ ಮೇಡಂ?" ಎಂದಳು ಲುಮೆನ್. "ಏಟಿಗೊಂದು ಅಂದ್ರೆ ನಂಗೆ ಮೂಟೆ ಬೇಕು. ಮಿಕ್ಕಿದ್ದನ್ನ ಮನೆಗೆ ತಗೊಂಡ್ಹೋಗಿ ಬೇಯಿಸ್ಕೋಬಹುದಾ?"

ನಗು ಬಂತು. ಒಬ್ಬೊಬ್ಬರೇ ಬೆಡ್‌ಶೀಟಿನ ಹಿಂದೆ ಹೋಗಿ ಬಂದರು. ಮಡಕೆಯೊಳಗೆ ಕಾಳು ಬಿದ್ದ ಟಕ್ ಎಂಬ ಸದ್ದು ಪ್ರತಿಸಲವೂ ಕೇಳಿಸುತ್ತಿತ್ತು. ಕೊನೆಯಲ್ಲಿ ಬೆನಿತಾ ಹೋದಳು. ಮಾರಿಸ್ತೆಲಾ ಮಡಕೆಯನ್ನು ಮೊರದ ಮೇಲೆ ಬೋರಲು ಹಾಕಿದಳು.

ಮೊರವೆಲ್ಲ ಹಳದಿ. ಹಸಿರು ಹುಡುಕಬೇಕಿತ್ತು.

ನಮ್ಮ ಗೋಡೆಗಳಿಗೆ ಕಿವಿ ಇರುವುದೇನೋ ನಿಜ. ಯಾರ ಮನೆಯಲ್ಲಿ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರದ್ದೂ ಒಂದೇ ಮೊರದಲ್ಲಿ ಬಿದ್ದಿದ್ದನ್ನು ಯಾರೂ ನೋಡಿರಲಿಲ್ಲ. ಬೈಬಲ್ ಹಿಡಿದು ಓಡಾಡುವವನ ಹೆಂಡತಿ ತಲೆ ತಗ್ಗಿಸಿ ಕುಳಿತಿದ್ದಳು. ಲುಮೆನ್ ಬಾಯಿಗೆ ಅಂಗಿಯ ಅಂಚು ಒತ್ತಿಕೊಂಡು ಅಳುತ್ತಿದ್ದಳು. ಅವಳು ಅಳುವುದನ್ನು ಕಂಡದ್ದು ಅದೇ ಮೊದಲು.

"ನನ್ನದು ಇದು," ಎಂದು ಬೆನಿತಾ ಒಂದು ಜೋಳ ಎತ್ತಿ ಹಿಡಿದಳು. "ಬರ್ಕೋ ತಂಗೀ, ಹೆಸರು ಹಾಕ್ಕೊಂಡೇ ಬರ್ಕೋ. ಬೆನಿತಾ, ರುಫೀನೊನ ಹೆಂಡತಿ. ಹೋದ ಸಲ ಸುಳ್ಳು ಹೇಳಿದ್ಳು, ಎಲ್ಲರ ಕೈಲೂ ಹೇಳಿಸಿದ್ಳು ಅಂತಾನೂ ಬರ್ಕೋ."

ಅಷ್ಟರಲ್ಲಿ ಯಾರೋ ಹೊರಗೆ ಸುದ್ದಿ ಹಬ್ಬಿಸಿದ್ದರು. ಹೆಂಗಸರೆಲ್ಲ ಗಂಡಂದಿರ ವಿರುದ್ಧ ವೋಟು ಹಾಕುತ್ತಿದ್ದಾರೆ ಎಂದು. ಬಾಗಿಲು ದಡಾರನೆ ತೆರೆಯಿತು. ರುಫೀನೊ ಒಳಗೆ ಬಂದ, ಕೈಯಲ್ಲಿ ಮಚ್ಚು. ಮೊರದ ಕಡೆ ನೋಡಿದ, ಎತ್ತಿ ಹಿಡಿದಿದ್ದ ಬೆನಿತಾಳ ಕೈಯ ಕಡೆ ನೋಡಿದ. ಸೌದೆ ಸೀಳುವಾಗ ನಿಲ್ಲುತ್ತಿದ್ದ ಹಾಗೆಯೇ ಕಾಲು ಊರಿ ನಿಂತ.

ಮಚ್ಚಿನ ಚಪ್ಪಟೆ ಬದಿಯಲ್ಲ. ಕುತ್ತಿಗೆಗೆ ಬೀಸಿದ್ದು ಅಡ್ಡ ಬಂದ ಅವಳ ಅಂಗೈಗೆ ಬಿತ್ತು. ಬೆರಳುಗಳು ಚರ್ಮದಲ್ಲಿ ನೇತಾಡಿದವು. ರಕ್ತ ಮೊರದ ಮೇಲೆ, ಜೋಳದ ಮೇಲೆ, ಅವಳ ಮಗ್ಗುಲಲ್ಲಿದ್ದ ಮಾರಿಸ್ತೆಲಾಳ ಮುಖದ ಮೇಲೆ ಚಿಮ್ಮಿತು. ಅವನು ಮತ್ತೆ ಎತ್ತಿದ.

ಎರಡನೆಯ ಏಟು ಬೀಳಲು ಬಿಡಲಿಲ್ಲ. ಲುಮೆನ್ ಮಡಕೆಯನ್ನು ಅವನ ಮುಖಕ್ಕೆ ಒಡೆದಳು. ಯಾರೋ ಬೆಂಚನ್ನು ಅವನ ಮೊಣಕಾಲಿಗೆ ದೂಡಿದರು. ಅವನು ಬಿದ್ದ. ಬಿದ್ದವನ ಮೇಲೆ ಸಾಲಿನ ಹೆಂಗಸರೆಲ್ಲ ಬಿದ್ದರು. ಚಪ್ಪಲಿ, ತೂಕದ ಕಲ್ಲು, ಮಕ್ಕಳ ಸ್ಟೂಲು, ಕೈಗೆ ಸಿಕ್ಕಿದ್ದೆಲ್ಲ. ಬೈಬಲ್ಲಿನವನ ಹೆಂಡತಿ ಅವನ ಮುಖವನ್ನು ನೆಲಕ್ಕೆ ಉಜ್ಜುತ್ತಿದ್ದಳು. ಅವರು ಅವನೊಬ್ಬನನ್ನೇ ಹೊಡೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಕೂಸನ್ನು ಎದೆಗೊತ್ತಿಕೊಂಡು ನಾನು ಮೂಲೆಗೆ ಸರಿದೆ. ಇನ್ನು ಸ್ವಲ್ಪ ಬಿಟ್ಟಿದ್ದರೆ ಕೊಂದೇಬಿಡುತ್ತಿದ್ದರು. ಮಾರಿಸ್ತೆಲಾ ಬೆಡ್‌ಶೀಟು ಹರಿದು ಬೆನಿತಾಳ ಕೈ ಬಿಗಿಯುತ್ತ "ಸಾಕು, ಸಾಕು, ಲಾರಿ ತನ್ನಿ, ರಕ್ತ ನಿಲ್ತಿಲ್ಲ" ಎಂದು ಕಿರುಚಿದ್ದಕ್ಕೆ ಕೈ ತಡೆದರು. ಲುಮೆನ್ ಮಾತ್ರ ಅವನ ಎದೆಯ ಮೇಲೆ ಕುಳಿತವಳು ಏಳಲಿಲ್ಲ.

ಕ್ಯಾಪ್ಟನ್ ಓಡಿಬಂದ. ನೋಡಿದ. ಟೋಪಿ ತೆಗೆದ.

"ಗಂಡ ಹೆಂಡಿರ ಜಗಳ ಇದು. ಪೊಲೀಸ್ ಗಿಲೀಸ್ ಬೇಡ. ನಾಳೆ ನಮ್ಮ ಜಗಲಿಗೆ..."

"ನಾನು ನೋಡಿದೀನಿ ಕ್ಯಾಪ್," ಎಂದಳು ಮಾರಿಸ್ತೆಲಾ. "ನನ್ನ ಮುಖದ ಮೇಲೆ ರಕ್ತ ಇದೆ. ನಾನು ಯಾವ ಲೋಟದಲ್ಲೂ ಕುಡಿಯಲ್ಲ."

ಠಾಣೆಗೆ ಹೋಗಿ ಹೇಳಿಕೆ ಕೊಟ್ಟಳು. ಕೇಳಲು ಹೋದವಳು ಕೇಳಿ ಬರಬೇಕು, ಸಾಕ್ಷಿ ಹೇಳಬಾರದು ಎಂದು ಅವಳ ಮೇಷ್ಟ್ರು ಬೈದರಂತೆ. ಬೈಸಿಕೊಂಡಳು. ರುಫೀನೊ ಜೈಲಿಗೆ ಹೋದ. ಬೆನಿತಾಳ ಕೈ ಉಳಿಯಿತು, ಬೆರಳು ಮಡಚುವುದು ಉಳಿಯಲಿಲ್ಲ.

ಮುಂದಿನ ಕಟಾವು ಶುರುವಾದಾಗ ಕಲ್ಯಾಣ ಕಚೇರಿಯ ದೊಡ್ಡವರು ನಮ್ಮ ಪ್ರಾರ್ಥನಾ ಮಂದಿರಕ್ಕೇ ಬಂದು ಕುಳಿತರು. ಮಾರಿಸ್ತೆಲಾ ಬೇರೆ ಎಸ್ಟೇಟುಗಳಲ್ಲೂ ಮಡಕೆ ಇಟ್ಟು ಬಂದಿದ್ದಳು. ದೊಡ್ಡ ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದಳು. ಚಿಮಣಿಯ ಹೊಗೆ ಇಳಿದ ಕಡೆ ಏಟಿನ ಗೆರೆ ಏರುತ್ತಿತ್ತು. ಶಾಲೆಯ ಪಾಲು ನಿಲ್ಲುವುದೂ ಸರಿಯಾಗಿ ಅದೇ ತಿಂಗಳು. ಕಟಾವಿನ ಕಾಲದಲ್ಲಿ ಬಂದು ಕೇಳಿದ್ದೂ, ಗಂಡನ ಎದುರು ಕೇಳಿದ್ದೂ ತಮ್ಮದೇ ತಪ್ಪು ಎಂದಳು.

"ಹಾಗಾದ್ರೆ ಹಸಿವಿಗೆ ಹೊಡೀತಾರೆ," ಎಂದ ಒಬ್ಬ ಅಧಿಕಾರಿ. "ಸತ್ತ ಕಾಲದಲ್ಲಿ ಅಕ್ಕಿ ಕೊಟ್ರೆ ಸಾಕಲ್ಲ?"

"ಸಾಲಲ್ಲ ಸರ್," ಎಂದು ಬೆನಿತಾ ಎದ್ದಳು. "ಹಸಿದಿದ್ದಾಗ ಜಾಸ್ತಿ ಹೊಡೀತಾನೆ. ಹೊಟ್ಟೆ ತುಂಬಿದಾಗ ಕಮ್ಮಿ. ಬಿಟ್ಟಿದ್ದೇನಿಲ್ಲ. ಅಕ್ಕಿನೂ ಬೇಕು, ಓಡಿಹೋಗಿ ಹಾಕ್ಕೊಳ್ಳೋಕೆ ಬಾಗಿಲೂ ಬೇಕು. ಅವನು ಜೈಲಿಂದ ಬರೋದ್ರೊಳಗೆ ಬೇಕು."

ಅಧಿಕಾರಿ ಬರೆದುಕೊಂಡ. ಸರಕಾರ ಓಡುವುದಿಲ್ಲ, ನಡೆಯುತ್ತದೆ. ಮಧ್ಯೆ ಎಷ್ಟೋ ಸಲ ನಿಂತು ಬೀಡಿ ಸೇದುತ್ತದೆ. ಆದರೂ ನಡೆಯಿತು. ಮುಂದಿನ ಸತ್ತ ಕಾಲಕ್ಕೆ ಶಾಲೆಯ ಪಾಲು ನಿಲ್ಲಲಿಲ್ಲ, ಅದರ ಜೊತೆ ಅಕ್ಕಿಯೂ ಬಂತು. ಹೊಡೆತದ ಪ್ರಕರಣಗಳಿಗೆ ಹಳ್ಳಿಯ ಜಗಲಿಯಲ್ಲಿ ರಾಜಿ ಮಾಡಿಸಕೂಡದೆಂದು ಕ್ಯಾಪ್ಟನ್ನನಿಗೆ ಕಾಗದ ಬಂತು. ಊರಿನ ಹಳೆಯ ಗೊಬ್ಬರದ ಗೋದಾಮಿಗೆ ಸುಣ್ಣ ಬಳಿದು ಆಸರೆ ಮನೆ ಮಾಡಿದರು. ಕಬ್ಬಿಣದ ಗೇಟು ಬರುವವರೆಗೆ ಇರಲೆಂದು ದಪ್ಪ ಹಲಗೆಯ ಬಾಗಿಲು ನಿಲ್ಲಿಸಿದರು. ಮೊದಲು ಒಳಗೆ ಹೋದವರು ಬೆನಿತಾ ಮತ್ತು ದಿವಿನಾ. ಹುಡುಗಿ ಅಲ್ಲಿಂದಲೇ ಹೈಸ್ಕೂಲಿಗೆ ಹೋಗುತ್ತಿದ್ದಳು.

ರುಫೀನೊ ಹೊರಗೆ ಬಂದ ದಿನ ನಾನು ಒಣಮೀನು ತೆಗೆದುಕೊಂಡು ಅವರನ್ನು ನೋಡಲು ಹೋಗಿದ್ದೆ. ಬೆಳಗಿನ ಹೊತ್ತು, ದಿವಿನಾ ಅಂಗಳದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಹೊರಗಿನಿಂದ ಕ್ಯಾಪ್ಟನ್ನನ ದನಿ ಬಂತು.

"ಬೆನಿತಾ! ಬಾರಮ್ಮ ಹೊರಗೆ. ಜೈಲಲ್ಲಿ ಬುದ್ಧಿ ಕಲ್ತಿದಾನೆ. ಸೀಸೆ ತಂದಿದಾನೆ, ಕೋಳಿ ತಂದಿದಾನೆ. ಒಂದು ಗುಟುಕು, ಮುಗಿಸೋಣ."

ಆಸರೆ ಮನೆ ನೋಡಿಕೊಳ್ಳುವ ಹೆಂಗಸು ಬಾಗಿಲಿನ ಸಂದಿಯಿಂದಲೇ ಹೇಳಿದಳು: "ರಾಜಿ ಮಾಡಿಸೋ ಹಾಗಿಲ್ಲ ಕ್ಯಾಪ್. ನಿಮಗೆ ಕಾಗದ ಬಂದಿದೆ. ಠಾಣೆಗೆ ಫೋನ್ ಮಾಡಿ ಆಯ್ತು."

"ನನ್ನ ಹೆಂಡ್ತೀನ ನನಗೆ ತೋರಿಸಲ್ಲ ಅನ್ನೋಕೆ ನೀನ್ಯಾರೇ?" ಅದು ರುಫೀನೊ.

ಕೋಳಿ ಕಿರುಚಿಕೊಂಡು ಓಡಿದ ಸದ್ದು. ಸೀಸೆ ಒಡೆದ ಸದ್ದು. ಆಮೇಲೆ ಹಲಗೆಗೆ ಮಚ್ಚು ಬಿತ್ತು. ಕಿತ್ತ. ಮತ್ತೆ ಬಿತ್ತು. ಒಂದೇ ಏಟಿಗೆ ಎಂಥ ಗಂಟನ್ನೂ ಸೀಳುತ್ತಿದ್ದವನು ಇಲ್ಲಿ ಬೀಸುತ್ತಲೇ ಇದ್ದ. ಬೆನಿತಾ ದಿವಿನಾಳನ್ನು ತನ್ನ ಹಿಂದೆ ಎಳೆದುಕೊಂಡು ರುಬ್ಬುವ ಕಲ್ಲಿನ ಗುಂಡು ಕಾಲ ಹತ್ತಿರ ಇಟ್ಟುಕೊಂಡು ನಿಂತಳು. ಒಂದು ಹಲಗೆ ಸೀಳಿ ಮಚ್ಚಿನ ತುದಿ ಒಳಗೆ ಇಣುಕಿತು. ಅವಳು ಹಿಂದೆ ಸರಿಯಲಿಲ್ಲ.

ಪೊಲೀಸರ ಜೀಪು ಬಂತು. ಬೂಟಿನ ಸದ್ದು, ಲಾಠಿ ಮೂಳೆಗೆ ಬಿದ್ದ ಸದ್ದು, ಅವನ ಕೂಗು, ಜೀಪಿನ ಬಾಗಿಲು. ಕ್ಯಾಪ್ಟನ್ ಏನೋ ಗೊಣಗುತ್ತ ದೂರ ಹೋದ.

ಸುಮಾರು ಹೊತ್ತಾದ ಮೇಲೆ ಬಾಗಿಲು ತೆರೆದರು. ಹೊರಮೈ ಹಲಗೆಯೆಲ್ಲ ಕಚ್ಚು. ಕೆಲವು ಎದೆಯೆತ್ತರಕ್ಕೆ, ಕೆಲವು ಕುತ್ತಿಗೆಯೆತ್ತರಕ್ಕೆ, ಕೆಳಗೆ ದಿವಿನಾಳ ಎತ್ತರಕ್ಕೂ ಇದ್ದವು. ಬೆನಿತಾ ಹತ್ತಿರ ಹೋಗಿ ನೋಡಿದಳು. ಆಮೇಲೆ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡಳು. ನೀರು ಕೊಟ್ಟೆ. ಬಾಯಿ ಮುಕ್ಕಳಿಸಿದಳು.

"ಅಷ್ಟೂ ನಮ್ಮಿಬ್ಬರ ಮೈಮೇಲೆ ಇರ್ಬೇಕಿತ್ತು ನಾಂಗ್," ಎಂದಳು.

ಸಂಜೆ ಬಡಗಿ ಬಂದು ಸೀಳಿದ ಹಲಗೆ ತೆಗೆದು ಹೊಸದು ಜಡಿದ. ರುಫೀನೊ ಮತ್ತೆ ಬಂದರೂ ತಡೆಯಬೇಕು, ಇನ್ನೂ ದಪ್ಪನೆಯದು ಹಾಕು ಎನ್ನುತ್ತ ಬೆನಿತಾ ಬಡಗಿಯ ಪಕ್ಕದಲ್ಲೇ ನಿಂತು ಮೊಳೆ ಕೊಡುತ್ತಿದ್ದಳು.